ಚೀನಾದಲ್ಲಿ ಓದುವವರಿಗೆ: ರಜೆಯ ರೈಲು ಪ್ರಯಾಣದ ಸಲಹೆ

ಅಕ್ಟೋಬರ್ 1ರ ರಾಷ್ಟ್ರೀಯ ದಿನದ ರಜೆಗೋ ವಸಂತ ಹಬ್ಬಕ್ಕೋ (ಚೀನೀ ಹೊಸ ವರ್ಷ) ಊರು ಸುತ್ತುವ ಯೋಚನೆ ಇದ್ದರೆ, ಚೀನಾ ರೈಲ್ವೆಯ ಅಧಿಕೃತ ಟಿಕೆಟ್ ಆ್ಯಪ್ ಆದ 12306ರಲ್ಲಿ ಖಾತೆ ತೆರೆದು ಪಾಸ್‌ಪೋರ್ಟ್ ಪರಿಶೀಲನೆಯನ್ನು ಈಗಲೇ ಮುಗಿಸಿಕೊಳ್ಳಿ. ಟಿಕೆಟ್ ಸುಮಾರು 15 ದಿನ ಮೊದಲು ಬಿಡುಗಡೆಯಾಗುತ್ತದೆ. ಹಬ್ಬದ ದಿನಗಳದ್ದು ನಿಮಿಷಗಳಲ್ಲಿ ಖಾಲಿ. ಆಗ ಹೆಸರು ಒಪ್ಪಿಗೆಯಾಗಲಿಲ್ಲ ಅಂತ ಕೂತರೆ ಕೆಟ್ಟಿತು. ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಲಿ. ಪಾಸ್‌ಪೋರ್ಟ್ ನವೀಕರಿಸಿದ್ದರೆ ಹಳೇ ನಂಬರ್ ಬದಲಾಯಿಸಿ.

ಸೀಟು ಸಿಗದಿದ್ದರೆ ಆ್ಯಪ್‌ನಲ್ಲೇ ವೇಟಿಂಗ್‌ಗೆ ಹಾಕಿ. ಪ್ಲಾನ್ ಬದಲಾದರೆ, ಹೊರಡಲು 8 ದಿನಕ್ಕಿಂತ ಹೆಚ್ಚು ಇರುವಾಗ ರದ್ದು ಮಾಡಿದರೆ ಸಾಮಾನ್ಯವಾಗಿ ಶುಲ್ಕವಿಲ್ಲ. ಕೊನೆಯ 24 ಗಂಟೆಯಲ್ಲಾದರೆ 20% ಹೋಗುತ್ತದೆ.

ಸ್ಟೇಷನ್ ಹೆಸರು ಎರಡು ಸಲ ಓದಿ. ಶಾಂಘೈ ಬೇರೆ, ಶಾಂಘೈ ಹೊಂಗ್‌ಚಿಯಾವ್ ಬೇರೆ. ಸಾಮಾನು ತಪಾಸಣೆ ಇರುವುದರಿಂದ ಒಂದು ಗಂಟೆ ಮೊದಲೇ ಹೋಗಿ. ಯಂತ್ರದ ಗೇಟು ಪಾಸ್‌ಪೋರ್ಟ್ ಓದದಿದ್ದರೆ ಪಕ್ಕದಲ್ಲಿ ಸಿಬ್ಬಂದಿ ನಿಂತಿರುವ ದಾರಿ ಹಿಡಿಯಿರಿ. ತರಕಾರಿ ಹೆಚ್ಚುವ ಚಾಕು ಬ್ಯಾಗಿನಲ್ಲಿದ್ದರೆ ತೆಗೆಸುತ್ತಾರೆ.

ಸಸ್ಯಾಹಾರಿಗಳೇ, ಕಪ್ ನೂಡಲ್ಸ್ ನಂಬಬೇಡಿ, ಮಸಾಲೆಯಲ್ಲಿ ಹೆಚ್ಚಾಗಿ ಮಾಂಸ ಇರುತ್ತದೆ. ಬೋಗಿಯಲ್ಲಿ ಕುದಿಯುವ ನೀರು ಪುಕ್ಕಟೆ. ತೆಳು ಅವಲಕ್ಕಿ, ಚಟ್ನಿಪುಡಿ ಒಯ್ದರೆ ರಾತ್ರಿ ಕಳೆಯುತ್ತದೆ.

ಹೋಟೆಲ್ ಬಿಟ್ಟು ಗೆಳೆಯರ ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಪೊಲೀಸ್ ನೋಂದಣಿ ಕಡ್ಡಾಯ. ಬಹಳ ಜನ ಮರೆಯುವುದು ಇದನ್ನೇ.