ಕೆಮ್ಮಿಗೆ ತಾರೀಕು ಬರೆದುಕೊಟ್ಟದ್ದು

ತಾಲ್ಲೂಕು ಕೇಂದ್ರವೊಂದರಲ್ಲಿ ಕ್ಲಿನಿಕ್ ತೆರೆದ ಮೊದಲ ವರ್ಷಗಳಲ್ಲಿ ಕೆಮ್ಮೆಂದು ಬಂದ ಬಹುತೇಕ ವಯಸ್ಕರಿಗೆ ನಾನು ಅಜಿತ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಬರೆದುಕೊಡುತ್ತಿದ್ದೆ. ಇಂಥ ಕೆಮ್ಮು ತರುವ ಬ್ರಾಂಕೈಟಿಸ್, ಅಂದರೆ ಶ್ವಾಸನಾಳಗಳ ಉರಿಯೂತ, ಬಹುಪಾಲು ವೈರಾಣುಗಳಿಂದಲೇ ಬರುತ್ತದೆ, ಆಂಟಿಬಯೋಟಿಕ್ ನುಂಗಿದರೆ ಕೆಮ್ಮು ಸರಾಸರಿ ಅರ್ಧ ದಿನವಷ್ಟೇ ಬೇಗ ನಿಲ್ಲುತ್ತದೆ ಎಂದು ಓದಿ ತಿಳಿದಿದ್ದರೂ ಕೈ ಬರೆಯುತ್ತಲೇ ಇತ್ತು.

ಕಳೆದ ಚಳಿಗಾಲದಲ್ಲಿ ಬಂದ 46 ವರ್ಷದ ಅಡಿಕೆ ವ್ಯಾಪಾರಿಯೊಬ್ಬರು ಮೊಬೈಲಿನಲ್ಲಿ ಹಳದಿ ಕಫದ ಚಿತ್ರ ತೋರಿಸಿ, “ಇದಕ್ಕೂ ಇಂಜೆಕ್ಷನ್ ಬೇಡವೇ ಡಾಕ್ಟ್ರೇ?” ಎಂದರು. ಆ ಬಣ್ಣ ನಮ್ಮದೇ ಬಿಳಿ ರಕ್ತಕಣಗಳ ಕಿಣ್ವದಿಂದ ಬರುವುದರಿಂದ, ಅದೊಂದನ್ನೇ ನೋಡಿ ಬ್ಯಾಕ್ಟೀರಿಯಾ ಎನ್ನಲಾಗದು. ನಾನು ಹುಡುಕುತ್ತಿದ್ದುದು ನ್ಯುಮೋನಿಯಾದ ಸುಳಿವನ್ನು. ಉಸಿರು ಎಣಿಸುತ್ತೇನೆಂದು ಹೇಳಿದರೆ ರೋಗಿಯ ಉಸಿರೇ ಬದಲಾಗುತ್ತದೆ. ಹಾಗಾಗಿ ನಾಡಿ ಹಿಡಿದವನಂತೆ ಕುಳಿತು, ಒಂದು ಪೂರ್ತಿ ನಿಮಿಷ ಅವರ ಅಂಗಿಯ ಏರಿಳಿತವನ್ನೇ ನೋಡಿದೆ. ಉಸಿರು 18, ನಾಡಿ 84, ಜ್ವರವಿಲ್ಲ. ಉಸಿರು 24, ನಾಡಿ 100, ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ನನಗೆ ಅನುಮಾನ ಬರುತ್ತಿತ್ತು. ಬೆನ್ನಿನಲ್ಲಿ ಕೇಳಿಸಿದ ಗೊರಗೊರ ಸದ್ದು ಒಮ್ಮೆ ಜೋರಾಗಿ ಕೆಮ್ಮಿಸಿದಾಗ ಸರಿದುಹೋಯಿತು. ಎಕ್ಸ್‌ರೇ ಬರೆಯಲಿಲ್ಲ. ಬೀಡಿ, ರಕ್ತದೊತ್ತಡದ ಮಾತ್ರೆ, ಕಫದಲ್ಲಿ ರಕ್ತ, ತೂಕ ಇಳಿದದ್ದು, ಎಲ್ಲವನ್ನೂ ವಿಚಾರಿಸಿದೆ, ಯಾವುದೂ ಇರಲಿಲ್ಲ.

ಮೈಕೈ ನೋವಿಗೆ ಪ್ಯಾರಾಸಿಟಮಾಲ್, ಮಲಗುವ ಮುನ್ನ ಒಂದು ಚಮಚ ಜೇನುತುಪ್ಪ ಎಂದೆ. ಉಬ್ಬಸದ ಸುಯ್ಲಿಲ್ಲದ ಕಾರಣ ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ಕೊಡಲಿಲ್ಲ. ಅವರ ಚೀಲದಲ್ಲಿದ್ದ ಸಿರಪ್‌ನಲ್ಲಿ ಅದೂ ಸೇರಿ ಮೂರು ಔಷಧಗಳಿದ್ದವು, ಅದನ್ನೂ ನಿಲ್ಲಿಸಿದೆ. ಬಳಿಕ ಚೀಟಿಯಲ್ಲಿ, “ಕೆಮ್ಮು ಶುರು 3ನೇ ತಾರೀಕು, 21ರವರೆಗೂ ಇರಬಹುದು” ಎಂದು ಬರೆದೆ. ಈ ಕೆಮ್ಮು ಸರಾಸರಿ 18 ದಿನ ಇರುತ್ತದೆ. ರೋಗಿಗಳು ಒಂದು ವಾರವೆಂದು ಎಣಿಸಿಕೊಂಡಿರುವುದರಿಂದಲೇ ಎಂಟನೆಯ ದಿನ ಮತ್ತೊಬ್ಬ ವೈದ್ಯರ ಬಾಗಿಲು ತಟ್ಟುತ್ತಾರೆ.

ಇಲ್ಲೊಂದು ತೊಡಕಿದೆ. ನಮ್ಮ ದೇಶದಲ್ಲಿ ಕೆಮ್ಮು ಎರಡು ವಾರ ದಾಟಿದರೆ ಕ್ಷಯಕ್ಕೆ ಕಫ ಪರೀಕ್ಷೆ ಮಾಡಿಸಲೇಬೇಕು. ಬರೀ ಬ್ರಾಂಕೈಟಿಸ್ ಇರುವ ಅನೇಕರು ಈ ಲೆಕ್ಕದೊಳಗೆ ಬೀಳುತ್ತಾರಾದರೂ ನಾನು ಇದರಲ್ಲಿ ರಿಯಾಯಿತಿ ತೋರುವುದಿಲ್ಲ. ಆದ್ದರಿಂದ ಚೀಟಿಯ ಕೆಳಗೆ, “17ರಂದು ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಕೊಡುವುದು, ದಮ್ಮು, ಚಳಿಜ್ವರ, ರಕ್ತ ಕಂಡರೆ ಅಂದೇ ಬರುವುದು” ಎಂದೂ ಸೇರಿಸಿದೆ.

19ರಂದು ಫೋನ್ ಮಾಡಿದರು. ಕಫದಲ್ಲಿ ಕ್ಷಯವಿರಲಿಲ್ಲ. ಮಾತಿನ ನಡುವೆ ಎರಡು ಸಲ ಕೆಮ್ಮಿ, “ಚೀಟಿಯ ಪ್ರಕಾರ ಇನ್ನೆರಡು ದಿನ ಬಾಕಿಯಿದೆ” ಎಂದರು.