ಪಾಪ್‌ಅಪ್ ತೆರೆಯುವ ಮೊದಲೇ ಉತ್ತರ ಕೊಟ್ಟ ಕಥೆ

ಬ್ರೌಸರ್ ತಾನೇ ತೆರೆಯುವ ಲಾಗಿನ್ ಪಾಪ್‌ಅಪ್‌ಗೆ ಆಟೊಮೇಷನ್ ಹೊಂದುವುದಿಲ್ಲ, ಅದನ್ನು ಕೈಯಿಂದಲೇ ಪರೀಕ್ಷಿಸಬೇಕು ಎಂಬುದು ನಮ್ಮ ತಂಡದ ಹಿರಿಯರ ನಿಲುವಾಗಿತ್ತು. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಆ ಕಿಟಕಿ ಪುಟದ ಡಾಮ್‌ನಲ್ಲಿ, ಅಂದರೆ ಪುಟದ ಅಂಶಗಳ ರಚನೆಯಲ್ಲಿ, ಇರುವುದೇ ಇಲ್ಲವಾದ್ದರಿಂದ ಬ್ರೌಸರನ್ನು ಕೋಡಿನಿಂದ ನಡೆಸುವ ಸೆಲೆನಿಯಮ್ ಎಷ್ಟು ಹುಡುಕಿದರೂ ಅದಕ್ಕೆ ಸಿಗುವುದಿಲ್ಲ. ಆದರೂ ಈಗ ಸುಮಾರು ಎಂಟು ತಿಂಗಳಿಂದ ನಲವತ್ತಕ್ಕೂ ಹೆಚ್ಚು ಲಾಗಿನ್ ಪರೀಕ್ಷೆಗಳು ಪ್ರತಿ ರಾತ್ರಿ ತಾವಾಗಿಯೇ ಓಡುತ್ತಿವೆ.

ಮೊದಲು ಎಲ್ಲರಂತೆ ನಾನೂ ಹೆಸರು ಮತ್ತು ಪಾಸ್‌ವರ್ಡನ್ನು ಪುಟದ ವೆಬ್ ವಿಳಾಸದೊಳಗೇ ತುರುಕಿದೆ. ಪಾಸ್‌ವರ್ಡಿನಲ್ಲಿದ್ದ @ ಚಿಹ್ನೆಯನ್ನು %40 ಎಂದು ಬರೆದ ಮೇಲೆ ಪುಟವೇನೋ ತೆರೆಯಿತು, ಆದರೆ ಒಳಗಿನ ಪಟ್ಟಿಗಳೆಲ್ಲ ಖಾಲಿ ಬಂದವು. ವಿಳಾಸದಲ್ಲಿ ಪಾಸ್‌ವರ್ಡ್ ಇರುವ ಪುಟದಿಂದ ಸಾಪೇಕ್ಷ (ಸೈಟಿನ ಹೆಸರಿಲ್ಲದ) ವಿಳಾಸಕ್ಕೆ ಮಾಹಿತಿ ತರುವ ಫೆಚ್ ಕರೆ ಹೋದರೆ ಕ್ರೋಮ್ ಅದನ್ನು ನಿರಾಕರಿಸುತ್ತದೆ ಎಂದು ತಿಳಿಯಲು ನನಗೆ ಎರಡು ದಿನ ಹಿಡಿಯಿತು.

ಆಮೇಲೆ ಪರದೆಯ ಕಿಟಕಿಗಳಲ್ಲಿ ಕೀಲಿಗಳನ್ನು ತಾನೇ ಒತ್ತುವ ಆಟೊಇಟ್ ಬಂತು, ಹಣ ಹೋದದ್ದು ಇಲ್ಲಿಯೇ. ಅದು ವಿಂಡೋಸ್ ಬಿಟ್ಟು ಬೇರೆಡೆ ನಡೆಯುವುದಿಲ್ಲವಾದ್ದರಿಂದ ಕ್ಲೌಡ್‌ನಲ್ಲಿ ಮೂರು ಯಂತ್ರಗಳನ್ನು ಬಾಡಿಗೆಗೆ ಪಡೆದೆವು. ನೆನಪಿನಿಂದ ಹೇಳುವುದಾದರೆ ಒಂದಕ್ಕೆ ತಿಂಗಳಿಗೆ ಒಂಬತ್ತು ಸಾವಿರ ರೂಪಾಯಿಯ ಆಸುಪಾಸು. ರಿಮೋಟ್ ಸಂಪರ್ಕ ಕಡಿದ ಕೂಡಲೇ ಪರದೆ ಲಾಕ್ ಆಗಿ, ಒತ್ತಿದ ಅಕ್ಷರಗಳು ಎಲ್ಲಿಗೂ ತಲುಪದೆ, ಬೆಳಿಗ್ಗೆ ಬಂದು ನೋಡಿದರೆ ವರದಿಯ ತುಂಬ ಕೆಂಪು ಸಾಲುಗಳೇ ಇರುತ್ತಿದ್ದವು. ಇಂತಹ ಐದು ತಿಂಗಳ ಬಾಡಿಗೆಯನ್ನು ಕಟ್ಟಿದ ಮೇಲೆ ವ್ಯವಸ್ಥಾಪಕರು ನನ್ನನ್ನು ನೋಡುವ ರೀತಿಯೇ ಬದಲಾಯಿತು.

ಹೆಸರು ಮತ್ತು ಪಾಸ್‌ವರ್ಡನ್ನು ಹೊತ್ತೊಯ್ಯುವ ಆಥರೈಸೇಷನ್ ಹೆಡರನ್ನು ಎಲ್ಲ ಕೋರಿಕೆಗಳಿಗೂ ಅಂಟಿಸಿದ್ದು ಮೂರನೆಯ ತಪ್ಪು. ನಮ್ಮ ಸರ್ವರ್ ಅದನ್ನು ಒಪ್ಪಿತು. ಆದರೆ ಅದೇ ಹೆಡರ್ ಹೊರಗಿನ ಫಾಂಟ್ ಸರ್ವರಿಗೂ ಹೋಗಿ ಅಲ್ಲಿ ಕಾರ್ಸ್ ತಡೆ (ಬೇರೆ ಸೈಟಿಗೆ ಹೋಗುವ ಕೋರಿಕೆಗಳ ಮೇಲೆ ಬ್ರೌಸರ್ ಇಡುವ ನಿರ್ಬಂಧ) ಎದುರಾಯಿತು. ಅದಕ್ಕಿಂತ ಹೆಚ್ಚಾಗಿ, ಆ ಹೆಡರಿನಲ್ಲಿ ಪಾಸ್‌ವರ್ಡನ್ನು ಬರೆಯುವ ಬೇಸ್64 ಎಂಬುದು ಗೂಢಲಿಪಿಯೇ ಅಲ್ಲವಾದ್ದರಿಂದ ನಮ್ಮ ಪಾಸ್‌ವರ್ಡನ್ನು ನಾವೇ ಹೊರಗಿನವರ ಕೈಗೆ ಕೊಟ್ಟಂತಾಗಿತ್ತು.

ಕಿಟಕಿಯೊಳಗೆ ಅಕ್ಷರ ಒತ್ತುವ ಹಟವನ್ನು ಬಿಟ್ಟಾಗ ದಾರಿ ಕಂಡಿತು. ಸರ್ವರ್ 401 (ಲಾಗಿನ್ ಬೇಕು) ಎಂದೊಡನೆ, ಬ್ರೌಸರ್ ಕಿಟಕಿ ತೆರೆಯುವ ಮೊದಲೇ, ಕ್ರೋಮನ್ನು ಹೊರಗಿನಿಂದ ನಿಯಂತ್ರಿಸುವ ಡೆವ್‌ಟೂಲ್ಸ್ ಪ್ರೋಟೊಕಾಲ್ ಮೂಲಕ ಉತ್ತರ ಕೊಡಬೇಕು. ಸೆಲೆನಿಯಮ್ 4ರಲ್ಲಿ ಇದಕ್ಕೆ ಸಿದ್ಧ ಸೌಲಭ್ಯವಿದೆ, ಸರಿಯಾದ ಪಾಸ್‌ವರ್ಡಿಗೆ ಅಷ್ಟು ಸಾಕು. ನನಗೆ ತಪ್ಪು ಪಾಸ್‌ವರ್ಡಿನ ಪರೀಕ್ಷೆಯೂ ಬೇಕಿದ್ದುದರಿಂದ ಅದೇ ಪ್ರೋಟೊಕಾಲಿನ ಫೆಚ್ ವಿಭಾಗದ ಆಥ್‌ರಿಕ್ವೈರ್ಡ್ (ಲಾಗಿನ್ ಕೇಳಲಾಗಿದೆ ಎಂಬ) ಘಟನೆಯನ್ನು ನೇರವಾಗಿ ಹಿಡಿದೆ. ಮೊದಲ ಓಟದಲ್ಲಿ ಪುಟ ಬಿಳಿಯಾಗಿ ನಿಂತೇಬಿಟ್ಟಿತು: ಆ ವಿಭಾಗವನ್ನು ಚಾಲೂ ಮಾಡಿದರೆ ಉಳಿದ ಕೋರಿಕೆಗಳೂ ತಡೆದು ನಿಲ್ಲುತ್ತವೆ, ಒಂದೊಂದನ್ನೂ ನಾವೇ ಮುಂದಕ್ಕೆ ಬಿಡಬೇಕು. ಎರಡನೆಯ ಓಟದಲ್ಲಿ, ತಪ್ಪು ಪಾಸ್‌ವರ್ಡಿಗೆ ಸರ್ವರ್ ಮತ್ತೆ 401 ಎನ್ನುವುದು, ನನ್ನ ಕೋಡ್ ಮತ್ತೆ ಅದೇ ತಪ್ಪನ್ನು ಒಪ್ಪಿಸುವುದು ಹೀಗೆ ನೂರಾರು ಸಲ ನಡೆದು, ಸರ್ವರಿನ ಕಾವಲು ವ್ಯವಸ್ಥೆ ಇಡೀ ಕಚೇರಿಯ ಐಪಿ ವಿಳಾಸವನ್ನೇ ಒಂದು ಮಧ್ಯಾಹ್ನ ಮುಚ್ಚಿಹಾಕಿತು. ಒಂದು ಕೋರಿಕೆಗೆ ಒಮ್ಮೆ ಮಾತ್ರ ಉತ್ತರಿಸಿ, ಎರಡನೆಯ ಸಲ ಕೇಳಿದಾಗ ರದ್ದು ಎಂದು ಹೇಳಿದರೆ 401ರ ಪುಟ ಅಚ್ಚುಕಟ್ಟಾಗಿ ಕೈಗೆ ಬರುತ್ತದೆ. ಒಮ್ಮೆ ಒಪ್ಪಿಗೆಯಾದ ಪಾಸ್‌ವರ್ಡನ್ನು ಬ್ರೌಸರ್ ನೆನಪಿಟ್ಟುಕೊಳ್ಳುವುದರಿಂದ ಪ್ರತಿ ಪರೀಕ್ಷೆಗೂ ಹೊಸ ಪ್ರೊಫೈಲ್ ಕೊಡುತ್ತೇನೆ. ಪಾಸ್‌ವರ್ಡ್ ಲಾಗ್‌ನಲ್ಲಿ ಅಚ್ಚಾಗದಂತೆ ನೋಡಿಕೊಳ್ಳುವ ಉಪಾಯ ಮಾತ್ರ ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಬಿಡುವಿನಲ್ಲಿ ಕನ್ನಡ ಅಕ್ಷರಗಳ ಪಾಸ್‌ವರ್ಡನ್ನೂ ಇಟ್ಟು ನೋಡಿದೆ. ಕ್ರೋಮ್ ಅದನ್ನು ಎಲ್ಲ ಭಾಷೆಯ ಅಕ್ಷರಗಳಿಗೂ ಹೊಂದುವ ಯುಟಿಎಫ್-8ರಲ್ಲಿ ಕಳುಹಿಸಿತು, ಸರ್ವರ್ ಒಪ್ಪಿತು. ಸಹೋದ್ಯೋಗಿ ತಮ್ಮ ಕೀಲಿಮಣೆಯಲ್ಲಿ ಅದನ್ನೇ ಒತ್ತಿದಾಗ ಒಪ್ಪಲಿಲ್ಲ. ಕೊನೆಯ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಜೀರೊ ವಿಡ್ತ್ ನಾನ್ ಜಾಯ್ನರ್ (ಅಕ್ಷರಗಳು ಕೂಡದಂತೆ ತಡೆಯುವ ಚಿಹ್ನೆ) ಅವರ ಕೀಲಿಮಣೆಯಿಂದ ಸೇರಿಕೊಂಡಿತ್ತು. ಇದು ಈಗ ನಮ್ಮ ನಲವತ್ತರ ಪಟ್ಟಿಯಲ್ಲಿ ಒಂದು ಪರೀಕ್ಷೆ.

ಹಿಂದೆ ಇಬ್ಬರು ಅರ್ಧ ದಿನ ಕುಳಿತು ಮಾಡುತ್ತಿದ್ದ ಕೆಲಸ ಈಗ ಹೆಚ್ಚುಕಡಿಮೆ ಆರು ನಿಮಿಷದಲ್ಲಿ ಮುಗಿಯುತ್ತದೆ, ಸಾಧ್ಯವಿಲ್ಲ ಎಂದಿದ್ದ ಹಿರಿಯರೇ ಹೊಸಬರಿಗೆ ಅದನ್ನು ತೋರಿಸುತ್ತಾರೆ. ಮೂರು ವಿಂಡೋಸ್ ಯಂತ್ರಗಳಲ್ಲಿ ಎರಡನ್ನು ಹಿಂದಿರುಗಿಸಿದೆವು. ನಮ್ಮ ಹಳೆಯ ಫೈರ್‌ಫಾಕ್ಸ್ ಪರೀಕ್ಷೆಗಳಿಗಾಗಿ ಮೂರನೆಯದು ಉಳಿದಿದೆ. ಅದರ ಪರದೆ ಲಾಕ್ ಆಗಿದೆಯೇ ಎಂದು ದಿನವೂ ಬೆಳಿಗ್ಗೆ ನಾನೇ ನೋಡುತ್ತೇನೆ.