ಒಕ್ಕಣ್ಣ ಚಂದ್ರನ ಗಡಿಯಾರ

ಗಡಿಯಾರ ಮೊದಲ ಸಲ ನಿಂತಾಗ ರಾತ್ರಿ ಎಂಟೂ ಮುಕ್ಕಾಲು. ಎರಡನೇ ಸಲ ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷ ಇತ್ತು. ಮೂರನೇ ಸಲ ಮತ್ತೆ ರಾತ್ರಿ, ಮತ್ತೆ ಅದೇ ಎಂಟೂ ಮುಕ್ಕಾಲರ ಹತ್ತಿರ. ಬುದ್ಧಿ ಇದ್ದವನಾಗಿದ್ದರೆ ಅಲ್ಲಿಗೇ ಹೊಳೆಯಬೇಕಿತ್ತು. ನನಗೆ ಹೊಳೆಯಲು ಮೂರು ತಿಂಗಳು ಹಿಡಿಯಿತು.

ನಾನಿರುವುದು ಇಂಗ್ಲೆಂಡಿನ ವೆಸ್ಟ್ ಯಾರ್ಕ್‌ಷೈರ್‌ನಲ್ಲಿ. 2021ರಲ್ಲಿ ಇಲ್ಲೇ ಒಂದು ಸಣ್ಣ ಹರಾಜಿನಲ್ಲಿ ಆಳೆತ್ತರದ ಗಡಿಯಾರ ಕೊಂಡೆ. ನಾವೆಲ್ಲ ಗ್ರ್ಯಾಂಡ್‌ಫಾದರ್ ಕ್ಲಾಕ್ ಅನ್ನುತ್ತೇವೆ. ಇಲ್ಲಿನ ರಿಪೇರಿಯವರು ಲಾಂಗ್‌ಕೇಸ್ ಅನ್ನುತ್ತಾರೆ. ಓಕ್ ಮರದ ಪೆಟ್ಟಿಗೆ, ಬಿಳಿ ಬಣ್ಣದ ಡಯಲ್. ಮೇಲೆ ಕಮಾನಿನಲ್ಲಿ ಚಂದ್ರ. 1790ರ ಆಸುಪಾಸಿನದ್ದು ಅಂತ ಚೀಟಿ ಅಂಟಿಸಿದ್ದರು. ಡಯಲ್ ಮೇಲೆ ಮಾಡಿದವನ ಹೆಸರು ಅಳಿಸಿಹೋಗಿತ್ತು, ಊರಿನ ಹೆಸರು ಮಾತ್ರ ಉಳಿದಿತ್ತು: ಹ್ಯಾಲಿಫ್ಯಾಕ್ಸ್. ಇಂಥ ಗಡಿಯಾರಗಳಿಗೆ ಈಗ ಇಲ್ಲಿ ಅಷ್ಟು ಗಿರಾಕಿ ಇಲ್ಲ. ಹೊಸ ಮನೆಗಳ ಚಾವಣಿ ತಗ್ಗು, ಏಳೂವರೆ ಅಡಿಯ ಗಡಿಯಾರ ಎಲ್ಲಿ ಇಡುತ್ತಾರೆ? ಹಾಗಾಗಿ ಒಂದು ಒಳ್ಳೆ ಫೋನಿಗಿಂತ ಕಡಿಮೆ ದುಡ್ಡಿಗೆ ಸಿಕ್ಕಿತು.

ಕೊಂಡಿದ್ದು ಚಂದ್ರನಿಗಾಗಿ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ, ಯಾಕಂದ್ರೆ ನನ್ನ ತೊಂದರೆ ಎಲ್ಲ ಅಲ್ಲೇ ಇದ್ದದ್ದು.

ಡಯಲ್ಲಿನ ಕಮಾನಿನ ಹಿಂದೆ ಊಟದ ತಟ್ಟೆಯಷ್ಟು ಅಗಲದ ಒಂದು ತಗಡಿನ ಬಿಲ್ಲೆ ಇರುತ್ತದೆ. ಅದರ ಅಂಚಿನಲ್ಲಿ 118 ಹಲ್ಲು. ಗಂಟೆ ಮುಳ್ಳಿನ ಚಕ್ರದಲ್ಲಿ ಒಂದು ಪಿನ್ ಇದೆ. ಅದು 12 ಗಂಟೆಗೊಮ್ಮೆ ಒಂದು ಲಿವರ್ ಎತ್ತುತ್ತದೆ, ಲಿವರ್ ಬಿಲ್ಲೆಯನ್ನು ಒಂದು ಹಲ್ಲು ಮುಂದೆ ತಳ್ಳುತ್ತದೆ. ದಿನಕ್ಕೆ ಎರಡು ಹಲ್ಲು. 118 ಹಲ್ಲಿಗೆ 59 ದಿನ, ಅಂದರೆ ಇಪ್ಪತ್ತೊಂಬತ್ತೂವರೆ ದಿನದ ಎರಡು ತಿಂಗಳು. ಅದಕ್ಕೇ ಬಿಲ್ಲೆ ಮೇಲೆ ಎದುರುಬದುರಾಗಿ ಎರಡು ಚಂದ್ರರನ್ನು ಬರೆದಿರುತ್ತಾರೆ. ಒಬ್ಬ ಮುಳುಗಿದ ಮೇಲೆ ಇನ್ನೊಬ್ಬನ ಸರದಿ.

ಡಯಲ್ಲಿನ ಎಡಕ್ಕೂ ಬಲಕ್ಕೂ ಎರಡು ಅರ್ಧ ವೃತ್ತದ ಗುಡ್ಡಗಳಿವೆ. ಚಂದ್ರ ಎಡಗಡೆ ಗುಡ್ಡದ ಹಿಂದಿನಿಂದ ಇಣುಕಿ, ನಡುವೆ ತುಂಬಿ, ಬಲಗಡೆ ಗುಡ್ಡದ ಹಿಂದೆ ಹೋಗುತ್ತಾನೆ. ಇಣುಕುವಾಗ ಬಲಭಾಗ ಮೊದಲು ಕಾಣುತ್ತದೆ, ಶುಕ್ಲ ಪಕ್ಷದಲ್ಲಿ ಆಕಾಶದ ಚಂದ್ರನಿಗೂ ಬೆಳಗುವುದು ಬಲಭಾಗವೇ. ಬಿದಿಗೆ, ತದಿಗೆಯ ಚಂದ್ರ ಬಲು ಚೆನ್ನಾಗಿ ಕಾಣುತ್ತಾನೆ, ಗುಡ್ಡದ ದುಂಡು ಅಂಚು ಅವನನ್ನು ಸರಿಯಾಗಿ ಕೊರೆಯುತ್ತದೆ. ಆದರೆ ಏಕಾದಶಿ, ದ್ವಾದಶಿ ಹೊತ್ತಿಗೆ ಲೆಕ್ಕ ತಪ್ಪುತ್ತದೆ. ನಿಜವಾದ ಚಂದ್ರ ಆಗ ಉಬ್ಬಿರುತ್ತಾನೆ, ಇವನು ಯಾರೋ ಕಚ್ಚಿಟ್ಟ ರೊಟ್ಟಿ ಥರ ಇರುತ್ತಾನೆ. ಅಮಾವಾಸ್ಯೆಗೆ ಚಂದ್ರರಿಬ್ಬರೂ ಮರೆ. ಆಗ ಕಮಾನಿನಲ್ಲಿ ಕಾಣುವುದು ಚಂದ್ರರ ನಡುವೆ ಬರೆದ ಚಿತ್ರ. ನನ್ನದರಲ್ಲಿ ಒಂದು ಅಮಾವಾಸ್ಯೆಗೆ ಹಡಗು, ಮುಂದಿನದಕ್ಕೆ ಹಳ್ಳಿಮನೆ.

ಗುಡ್ಡಗಳ ಮೇಲೆ ಭೂಪಟವಿದೆ. ಎಡಕ್ಕೆ ಅಮೆರಿಕ, ಬಲಕ್ಕೆ ಏಷ್ಯಾ. ಇಂಡಿಯಾ ನನ್ನ ಕಿರುಬೆರಳಿನ ಉಗುರಷ್ಟೂ ಇಲ್ಲ. ಚಂದ್ರ ದಿನಾ ಅದರ ಕಡೆಗೇ ಹೋಗುತ್ತಿರುತ್ತಾನೆ.

ಸರಿ, ರಿಪೇರಿಗೆ ಬರೋಣ.

ಗಡಿಯಾರ ನಿಂತರೆ ಎಲ್ಲರೂ ಮೊದಲು ಹೇಳುವುದು ಬಡಿತ ನೋಡು ಅಂತ. ಟಿಕ್‌ಗೂ ಟಾಕ್‌ಗೂ ನಡುವಿನ ಹೊತ್ತು ಸಮನಾಗಿರಬೇಕು. ಕುಂಟು ಕುದುರೆ ಥರ ಟಿಕ್‌ಟಾಕ್... ಟಿಕ್‌ಟಾಕ್... ಅಂತ ಬಂದರೆ ಪೆಂಡುಲಮ್ಮನ್ನು ತಳ್ಳುವ ತಂತಿಯನ್ನು ಒಂದಿಷ್ಟು ಬಗ್ಗಿಸಬೇಕು. ಮಾಡಿದೆ. ಆಮೇಲೆ ನೆಲ. ನಮ್ಮದು ಹಲಗೆ ನೆಲ, ಮೇಲೆ ಕಾರ್ಪೆಟ್ಟು. ಗಡಿಯಾರ ಅಲ್ಲಾಡಿದರೆ ಪೆಂಡುಲಮ್ಮಿನ ಶಕ್ತಿ ಪೆಟ್ಟಿಗೆಗೆ ಹೋಗಿಬಿಡುತ್ತದೆ. ಗಡಿಯಾರ ಓಡಿಸುವುದು ಒಳಗೆ ನೇತಾಡುವ ತೂಕದ ಗುಂಡುಗಳು. ಕೀ ಕೊಟ್ಟು ವಾರವಾಗುವ ಹೊತ್ತಿಗೆ ಅವು ಪೆಂಡುಲಮ್ಮಿನ ಮಟ್ಟಕ್ಕೆ ಇಳಿದಾಗಂತೂ ಅವೂ ಜೊತೆಗೆ ತೂಗಲು ಶುರು ಮಾಡುತ್ತವೆ, ಗಡಿಯಾರ ನಿಲ್ಲುತ್ತದೆ. ಹಿಂದಿನ ಹಲಗೆಯ ಮೂಲಕ ಗೋಡೆಗೆ ಒಂದು ಸ್ಕ್ರೂ ಬಿಗಿದೆ. ಅದೂ ಆಯಿತು. ಆದರೂ ನಿಂತಿತು.

ಆಗ ಪರಿಚಯದವರೊಬ್ಬರು ತೂಕ ಜಾಸ್ತಿ ಮಾಡು ಅಂದರು. ಇದೊಂದು ಮಾತು ಮಾತ್ರ ಯಾರೂ ಕೇಳಬೇಡಿ. ಒಂದು ಸಲ ಕೀ ಕೊಟ್ಟರೆ ಎಂಟು ದಿನ ಓಡುವ ಇಂಥ ಗಡಿಯಾರಕ್ಕೆ ಎರಡು ಗುಂಡು, ಒಂದೊಂದೂ ಐದೂವರೆ ಕೆಜಿಯ ಆಸುಪಾಸು. ಇನ್ನೂರು ವರ್ಷ ಅದೇ ತೂಕದಲ್ಲಿ ಓಡಿದ್ದು ಈಗ ಓಡುತ್ತಿಲ್ಲ ಅಂದರೆ ಎಲ್ಲೋ ಏನೋ ಹಿಡಿಯುತ್ತಿದೆ ಅಂತ ಅರ್ಥ. ತೂಕ ಹೆಚ್ಚಿಸಿದರೆ ಹಿಡಿತ ಹೋಗುವುದಿಲ್ಲ, ಚಕ್ರ ಸವೆಯುತ್ತದೆ ಅಷ್ಟೇ. ಎಣ್ಣೆಯದ್ದೂ ಇದೇ ಕಥೆ. ಅಪ್ಪ ಮೈಸೂರಿನ ಮನೆಯ ಗೋಡೆ ಗಡಿಯಾರಕ್ಕೆ ಕೊಬ್ಬರಿ ಎಣ್ಣೆ ಬಿಡುತ್ತಿದ್ದರು, ಚಳಿಗಾಲದಲ್ಲಿ ಅದು ಗಟ್ಟಿಯಾಗಿ ಗಡಿಯಾರವೂ ಮುಷ್ಕರ ಹೂಡುತ್ತಿತ್ತು. ಎಣ್ಣೆ ಹೋಗಬೇಕಾದ್ದು ಚಕ್ರಗಳ ಅಚ್ಚಿನ ತುದಿಗಳಿಗೆ ಮತ್ತೆ ಲಂಗರಿನ (ಟಿಕ್ ಟಾಕ್ ಅಂತ ಚಕ್ರವನ್ನು ತಡೆದು ತಡೆದು ಬಿಡುವ ಕೊಕ್ಕೆ) ಮೈಗೆ, ಅದೂ ಸೂಜಿ ಮೊನೆಯಷ್ಟು. ಚಕ್ರದ ಹಲ್ಲುಗಳಿಗೆ ಬೇಡವೇ ಬೇಡ. ಧೂಳು ಸೇರಿದರೆ ಅದೇ ಮರಳುಕಾಗದ ಆಗುತ್ತದೆ.

ಮೂರನೇ ತಿಂಗಳು ನಾನು ನಿಂತ ಹೊತ್ತುಗಳನ್ನು ಕ್ಯಾಲೆಂಡರ್ ಹಿಂದೆ ಬರೆಯಲು ಶುರು ಮಾಡಿದೆ. ಹನ್ನೊಂದು ಸಲ ನಿಂತಿತ್ತು. ಹನ್ನೊಂದೂ ಎಂಟೂವರೆಯಿಂದ ಒಂಬತ್ತೂಕಾಲರ ಒಳಗೆ, ಹಗಲೋ ರಾತ್ರಿಯೋ. ದಿನಕ್ಕೆ ಎರಡೇ ಸಲ ನಡೆಯುವ ಕೆಲಸ ಗಡಿಯಾರದಲ್ಲಿ ಏನಿದೆ? ಚಂದ್ರನನ್ನು ತಳ್ಳುವುದು!

ಡಯಲ್ಲಿನ ಸುತ್ತ ಇರುವ ಮೇಲಿನ ಮರದ ಮುಚ್ಚಳ, ಅಂದರೆ ಹುಡ್, ಮುಂದಕ್ಕೆ ಎಳೆದರೆ ಜಾರಿಕೊಂಡು ಬರುತ್ತದೆ. ಗುಂಡುಗಳನ್ನು ಬಿಚ್ಚಿ, ಪೆಂಡುಲಮ್ ತೆಗೆದು, ಯಂತ್ರವನ್ನು ಅಡುಗೆಮನೆ ಟೇಬಲ್ ಮೇಲೆ ತಂದಿಟ್ಟೆ. ಈ ಕ್ರಮ ತಪ್ಪಿಸಬೇಡಿ. ಗುಂಡು ಇನ್ನೂ ನೇತಾಡುತ್ತಿರುವಾಗ ಯಂತ್ರ ಎತ್ತಲು ಹೋದರೆ ಕಾಲ ಮೇಲೆ ಬೀಳುವುದು ಖಾತ್ರಿ. ಡಯಲ್ಲಿಗೂ ಯಂತ್ರಕ್ಕೂ ನಡುವೆ ಒಂದು ಕಬ್ಬಿಣದ ಚೌಕಟ್ಟಿತ್ತು, ಅದರ ಮೇಲೆ ಎರಕದಲ್ಲಿ ವಿಲ್ಸನ್ ಅಂತ ಅಕ್ಷರ. ನನ್ನ ಹ್ಯಾಲಿಫ್ಯಾಕ್ಸ್ ಗಡಿಯಾರದ ಮುಖ ಹ್ಯಾಲಿಫ್ಯಾಕ್ಸಿನದ್ದೇ ಅಲ್ಲ! ಬರ್ಮಿಂಗ್‌ಹ್ಯಾಮಿನದ್ದು. ಅಲ್ಲಿ ಓಸ್ಬೋರ್ನ್ ಮತ್ತು ವಿಲ್ಸನ್ ಅನ್ನುವ ಇಬ್ಬರು 1772ರಲ್ಲಿ ಬಿಳಿ ಡಯಲ್ ಮಾರುತ್ತೇವೆ ಅಂತ ಜಾಹೀರಾತು ಹಾಕಿದ್ದರು. ಊರೂರಿನ ಗಡಿಯಾರದವರು ಅಂಥ ಡಯಲ್ ತರಿಸಿ ತಮ್ಮ ಹೆಸರು ಬರೆಸಿಕೊಳ್ಳುತ್ತಿದ್ದರು. ಅದೇ ಬರ್ಮಿಂಗ್‌ಹ್ಯಾಮಿನಲ್ಲಿ ಜೇಮ್ಸ್ ವಾಟ್, ಮ್ಯಾಥ್ಯೂ ಬೋಲ್ಟನ್ ಮುಂತಾದವರ ಲೂನಾರ್ ಸೊಸೈಟಿ ಅನ್ನುವ ವಿಜ್ಞಾನಾಸಕ್ತರ ಕೂಟ ಹುಣ್ಣಿಮೆಯ ಆಸುಪಾಸಿನಲ್ಲಿ ಸೇರುತ್ತಿತ್ತು, ಸಭೆ ಮುಗಿಸಿ ಮನೆಗೆ ಹೋಗಲು ಬೆಳದಿಂಗಳು ಬೇಕಲ್ವಾ? ಬೀದಿ ದೀಪ ಇಲ್ಲದ ಕಾಲದಲ್ಲಿ ಗಡಿಯಾರದ ಚಂದ್ರ ಬರೀ ಅಲಂಕಾರ ಆಗಿರಲಿಲ್ಲ.

ಬಿಲ್ಲೆ ಜಾರದಂತೆ ಒಂದು ಸ್ಪ್ರಿಂಗ್ ಹಲ್ಲಿಗೆ ಒತ್ತಿಕೊಂಡಿರುತ್ತದೆ. ನನ್ನ ಗಡಿಯಾರದಲ್ಲಿ ಮೂಲ ಸ್ಪ್ರಿಂಗ್ ಇರಲೇ ಇಲ್ಲ. ಹಿಂದೆ ಯಾರೋ ದಪ್ಪ ಉಕ್ಕಿನ ಪಟ್ಟಿ ಕತ್ತರಿಸಿ ಕೂರಿಸಿದ್ದರು. ಬೆರಳಿನಿಂದ ಬಿಲ್ಲೆ ತಿರುಗಿಸಿ ನೋಡಿದೆ, ಕಟಕ್ ಅಂತ ಬಲವಾಗಿ ಕೂರುತ್ತಿತ್ತು. ಅಷ್ಟು ಬಲ ಮೀರಿ ತಳ್ಳಲು ಹೋಗಿ ಇಡೀ ಗಡಿಯಾರ ಸೋತು ನಿಲ್ಲುತ್ತಿತ್ತು. ಲಿವರ್ ಕಳಚಿ ಹತ್ತು ದಿನ ಓಡಿಸಿದೆ, ಒಂದು ಸಲವೂ ನಿಲ್ಲಲಿಲ್ಲ. ಆಮೇಲೆ ತೆಳು ಹಿತ್ತಾಳೆ ಪಟ್ಟಿ ತಂದು, ತುದಿ ಬಗ್ಗಿಸಿ, ಅರದಿಂದ ಉಜ್ಜಿ ಉಜ್ಜಿ ತೆಳು ಮಾಡಿದೆ. ಮೊದಲನೆಯದು ಜಾಸ್ತಿ ತೆಳುವಾಗಿ ಬಿಲ್ಲೆ ಎರಡೆರಡು ಹಲ್ಲು ಹಾರಿತು. ಎರಡನೆಯದು ಮುರಿಯಿತು. ಮೂರನೆಯದು ಇವತ್ತಿಗೂ ಇದೆ. ಕಟಕ್ ಹೋಗಿ ಈಗ ಟಿಚ್ ಅನ್ನುತ್ತದೆ, ಕಿವಿಗೊಟ್ಟರೆ ಮಾತ್ರ ಕೇಳುತ್ತದೆ.

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಲ್ಲೆ ಹೇಗೂ ಕೈಯಲ್ಲಿದೆ, ಚಂದ್ರನ ಮುಖ ಮಸಿ ಹಿಡಿದಿದೆ, ಸ್ವಲ್ಪ ಒರೆಸೋಣ ಅಂದುಕೊಂಡೆ. ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಹತ್ತಿ ಅದ್ದಿ ಕೆನ್ನೆ ಒರೆಸಿದೆ. ಗುಲಾಬಿ ಬಣ್ಣ ಹೊಳೆಯಿತು. ಖುಷಿಯಾಗಿ ಕಣ್ಣಿಗೆ ಕೈ ಹಾಕಿದೆ. ಎರಡು ಸಲ ಸವರುವಷ್ಟರಲ್ಲಿ ರೆಪ್ಪೆ, ಹುಬ್ಬು, ಪಾಪೆ ಎಲ್ಲ ಹತ್ತಿಗೆ ಬಂದುಬಿಟ್ಟವು. ಬಿಳಿ ಡಯಲ್ಲುಗಳಲ್ಲಿ ತಳದ ಬಣ್ಣ ಗಟ್ಟಿ, ಮೇಲೆ ಬರೆದ ಸಣ್ಣ ಗೆರೆ, ಅಂಕಿ, ಹೆಸರು ಎಲ್ಲ ಬಲು ತೆಳು. ಮಾಡಿದವನ ಹೆಸರು ಹೇಗೆ ಅಳಿಸಿತ್ತು ಅಂತ ಆಗ ಗೊತ್ತಾಯಿತು. ನನ್ನಂಥವನೇ ಇನ್ನೊಬ್ಬ ಒರೆಸಿರಬೇಕು. ಮತ್ತೆ ಬರೆಸಬಹುದಿತ್ತು. ಬರೆಸಲಿಲ್ಲ, ನನ್ನ ಕೈಯ ತಪ್ಪು ಹಾಗೇ ಇರಲಿ ಅಂತ ಬಿಟ್ಟೆ. ಹಾಗಾಗಿ ನಮ್ಮ ಮನೆಯಲ್ಲಿ ಒಂದು ತಿಂಗಳು ಎರಡು ಕಣ್ಣಿನ ಚಂದ್ರ, ಇನ್ನೊಂದು ತಿಂಗಳು ಒಕ್ಕಣ್ಣ.

ಚಂದ್ರನನ್ನು ಕೂರಿಸುವ ಕೆಲಸ ಅಮ್ಮನ ಜೊತೆ ಫೋನಲ್ಲಿ ನಡೆಯಿತು. ಅವರ ಕೈಯಲ್ಲಿ ಒಂಟಿಕೊಪ್ಪಲ್ ಪಂಚಾಂಗ, ನನ್ನ ಬೆರಳು ಬಿಲ್ಲೆ ಮೇಲೆ. ಕಮಾನಿನ ಅಂಚಿನಲ್ಲಿ 1ರಿಂದ 29½ರವರೆಗೆ ಅಂಕಿಗಳಿವೆ, ಅಮಾವಾಸ್ಯೆ ಕಳೆದು ಎಷ್ಟು ದಿನ ಆಯಿತು ಅನ್ನುವ ಲೆಕ್ಕ. ಲಿವರ್ ಹಲ್ಲಿಗೆ ತಗುಲಿರದ ಹೊತ್ತು ನೋಡಿ ತಿರುಗಿಸಬೇಕು. ಮಧ್ಯಾಹ್ನ ಎರಡು ಗಂಟೆ ನನ್ನದಕ್ಕೆ ಕ್ಷೇಮ. ಇವತ್ತು ತಿಥಿ ಎಷ್ಟು ಅಂತ ಕೇಳಿದರೆ ಎಷ್ಟು ಗಂಟೆಗೆ ಅಂತ ಮರುಪ್ರಶ್ನೆ ಬಂತು. ತಿಥಿ ಒಂದು ದಿನ 20 ಗಂಟೆ ಇದ್ದೀತು, ಇನ್ನೊಂದು ದಿನ 26 ದಾಟೀತು. ಗಡಿಯಾರಕ್ಕೆ ಅದೆಲ್ಲ ಗೊತ್ತಿಲ್ಲ, 12 ಗಂಟೆಗೊಂದು ಹಲ್ಲು ಅಷ್ಟೇ. ಮೇಲೆ ಇಲ್ಲಿಗೂ ಅಲ್ಲಿಗೂ ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆ ವ್ಯತ್ಯಾಸ. ಕೊನೆಗೆ ಹುಣ್ಣಿಮೆ ಮುಗಿಯುವ ಕ್ಷಣವನ್ನೇ ಹಿಡಿದುಕೊಂಡು ಹದಿನೈದರ ಹತ್ತಿರ ನಿಲ್ಲಿಸಿದೆವು.

“ಚಂದ್ರೋದಯ ಎಷ್ಟು ಗಂಟೆಗೆ ಅಂತ ಹೇಳುತ್ತಾ?” ಅಂತ ಕೇಳಿದರು.

“ಇಲ್ಲ.”

“ಮತ್ತೆ ಸಂಕಷ್ಟಿಗೆ ಏನು ಪ್ರಯೋಜನ?”

ಉತ್ತರ ಇರಲಿಲ್ಲ. ಬ್ರಿಸ್ಟಲ್ ಬಂದರಿನ ಗಡಿಯಾರಗಳಲ್ಲಿ ಕೆಲವು ಸಮುದ್ರದ ಭರತ ಎಷ್ಟು ಹೊತ್ತಿಗೆ ಅಂತಲೂ ತೋರಿಸುತ್ತಿದ್ದವು. ಸಂಕಷ್ಟಿಯವರ ಕಷ್ಟ ಯಾರೂ ಕೇಳಲಿಲ್ಲ.

ಇನ್ನೊಂದು ಲೆಕ್ಕ ನನಗೆ ಬಹಳ ಇಷ್ಟ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ. ಗಡಿಯಾರದ್ದು 29.5. ತಿಂಗಳಿಗೆ 44 ನಿಮಿಷ ಗಡಿಯಾರ ಮುಂದೆ ಓಡುತ್ತದೆ. ಹೀಗೆ ಓಡಿ ಓಡಿ ಎರಡು ವರ್ಷ ಎಂಟು ತಿಂಗಳಿಗೆ ಒಂದು ದಿನ ತಪ್ಪುತ್ತದೆ. ಆಗ ಬಿಲ್ಲೆಯನ್ನು ಎರಡು ಹಲ್ಲು ಹಿಂದಕ್ಕೆ ಸರಿಸಬೇಕು. ಇದನ್ನು ನೆನಪಿಡುವುದು ಹೇಗೆ? ಅಧಿಕ ಮಾಸ ಬರುವುದೂ ಹೆಚ್ಚುಕಡಿಮೆ ಅಷ್ಟೇ ಅಂತರದಲ್ಲಿ. ಒಂದಕ್ಕೊಂದು ಸಂಬಂಧ ಇಲ್ಲ, ಸುಮ್ನೆ ಕಾಕತಾಳೀಯ. ಆದರೂ 2023ರಲ್ಲಿ ಅಧಿಕ ಶ್ರಾವಣ ಶುರುವಾಯಿತು ಅಂತ ಅಮ್ಮ ಹೇಳಿದ ದಿನ ನಾನು ಹುಡ್ ತೆಗೆದು ಎರಡು ಹಲ್ಲು ಸರಿಸಿದೆ. ಮುಂದಿನದು 2026ರ ಅಧಿಕ ಜ್ಯೇಷ್ಠಕ್ಕೆ.

ಊರಿಗೆ ವಾಪಸ್ ಹೋದರೆ ಗಡಿಯಾರ ತಗೊಂಡು ಹೋಗ್ತೀಯಾ ಅಂತ ಕೇಳುತ್ತಾರೆ. ಹೋಗಬಹುದು, ಆದರೆ ಮೈಸೂರಿನಲ್ಲಿ ಅದು ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳುತ್ತದೆ. ಸಮಭಾಜಕದ ಹತ್ತಿರ ಗುರುತ್ವ ಸ್ವಲ್ಪ ಕಡಿಮೆ, ಪೆಂಡುಲಮ್ ನಿಧಾನ ತೂಗುತ್ತದೆ. 1672ರಲ್ಲಿ ಜೀನ್ ರಿಷೆ ಅನ್ನುವ ಫ್ರೆಂಚ್ ಖಗೋಳಜ್ಞ ಪ್ಯಾರಿಸ್ಸಿನಿಂದ ದಕ್ಷಿಣ ಅಮೆರಿಕದ ಕಯೆನ್‌ಗೆ ಹೋದಾಗ ಅವನ ಗಡಿಯಾರವೂ ಹೆಚ್ಚುಕಡಿಮೆ ಅಷ್ಟೇ ಹಿಂದೆ ಬಿದ್ದಿತ್ತು. ಒಂದು ಮೀಟರಿಗೆ ಸ್ವಲ್ಪ ಕಡಿಮೆ ಉದ್ದದ ಪೆಂಡುಲಮ್ ಇದು, ಒಂದು ಮಿಲಿಮೀಟರ್ ಹೆಚ್ಚುಕಡಿಮೆ ಆದರೆ ದಿನಕ್ಕೆ 43 ಸೆಕೆಂಡ್ ವ್ಯತ್ಯಾಸ. ಕೆಳಗಿನ ನಟ್ಟು ತಿರುಗಿಸಿ ಮೂರೂವರೆ ಮಿಲಿಮೀಟರ್ ಮೇಲೆತ್ತಿದರೆ ಮೈಸೂರಿಗೆ ಸರಿಹೋಗುತ್ತದೆ. ಸೂಟ್‌ಕೇಸಿನಲ್ಲಿ ಹಿಡಿಸುವುದೇ ಕಷ್ಟ.

ಕಳೆದ ಗಣೇಶನ ಹಬ್ಬದ ಸಂಜೆ ಮಗಳು ಓಡಿಬಂದಳು. ಚೌತಿ ಚಂದ್ರನನ್ನು ನೋಡಬಾರದು ಅಂತ ಅಜ್ಜಿ ಹೇಳಿದ್ದಾರೆ, ನಾನು ಗಡಿಯಾರದಲ್ಲಿ ನೋಡಿಬಿಟ್ಟೆ, ಈಗ ಏನಾಗುತ್ತೆ? ಯಾರ್ಕ್‌ಷೈರ್ ಮೋಡದಲ್ಲಿ ನಿಜವಾದ ಚಂದ್ರ ಕಾಣುವುದೇ ಅಪರೂಪ, ಅಪವಾದ ಹೊತ್ತು ತರಲು ನಾನೇ ಒಬ್ಬನನ್ನು ಮನೆಗೆ ತಂದಿಟ್ಟಿದ್ದೆ. ವಿಡಿಯೋ ಕಾಲ್ ಮಾಡಿ ಅಮ್ಮನನ್ನೇ ಕೇಳಿದೆವು. ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು, “ಈ ತಿಂಗಳು ಯಾರು? ಒಕ್ಕಣ್ಣನಾ?”

ಅಮೆರಿಕದ ಗುಡ್ಡದಾಚೆಯಿಂದ ಬಲಗೆನ್ನೆ ಮಾತ್ರ ಇಣುಕುತ್ತಿತ್ತು. ಕಣ್ಣು ಇರಬೇಕಾದ ಜಾಗ ಬೋಳು.

“ಹೌದು, ಒಕ್ಕಣ್ಣ. ಇರೋ ಕಣ್ಣು ಇನ್ನೂ ಗುಡ್ಡದ ಹಿಂದಿದೆ.”

“ಹಾಗಾದ್ರೆ ಅವನು ಇವಳನ್ನ ನೋಡಿಲ್ಲ ಬಿಡು,” ಅಂದರು. “ಆದ್ರೂ ನಾಳೆವರೆಗೆ ಒಂದು ಟವಲ್ ಹಾಕಿಡು.”

ಹಾಕಿಟ್ಟೆ.